ದೇಣಿಗೆ ನಿಮ್ಮಿಷ್ಟದ ಸಂಸ್ಥೆಗೆ, ಚಿತ್ರ ನಮ್ಮಿಂದ ನಿಮಗೆ

ಆತ್ಮೀಯರೇ,

ಚಿತ್ರ ಬರೆಯುವವರು ಸೇರಿಕೊಂಡು ನಡೆಸುವ ಪುಟ್ಟ ಟ್ರಸ್ಟ್ ನಮ್ಮದು. ನಮ್ಮ ಹತ್ತಿರ ಹಣ ಕಮ್ಮಿ, ಚಿತ್ರಗಳು ಜಾಸ್ತಿ. ಅವನ್ನು ಮಾರುತ್ತಿಲ್ಲ. ನೀವು ನಂಬುವ ಯಾವುದಾದರೂ ಸೇವಾ ಸಂಸ್ಥೆಗೆ ನೇರವಾಗಿ ದೇಣಿಗೆ ಕೊಡಿ. ರಸೀದಿಯ ಪ್ರತಿ ನಮಗೆ ಕಳಿಸಿ. ಇರುವುದರಲ್ಲಿ ನಿಮಗೆ ಹಿಡಿಸಿದ ಒಂದು ಚಿತ್ರ ನಿಮ್ಮದು. ದುಡ್ಡು ನಮ್ಮ ಕೈಗೆ ಬರುವುದೇ ಇಲ್ಲ. ಹಾಗಾಗಿ ಅದು ಎಲ್ಲಿಗೆ ಹೋಯಿತು ಅಂತ ನಮ್ಮನ್ನು ಅನುಮಾನಿಸುವ ತಾಪತ್ರಯವೂ ನಿಮಗಿಲ್ಲ, ಅಲ್ವಾ?

ಎಲ್ಲವೂ ಹೊರಗೆ ಕೂತು, ಎದುರಿಗಿದ್ದುದನ್ನು ನೋಡಿ ಬರೆದವು. ಫೋಟೋ ನೋಡಿ ಬರೆದದ್ದು ಒಂದೂ ಇಲ್ಲ. ಫೋಟೋದಲ್ಲಿ ಮರದ ನೆರಳು ಎಷ್ಟೋ ಸಲ ಬರೀ ಕಪ್ಪಾಗಿ ಬರುತ್ತದೆ. ಎದುರಿಗೆ ಕೂತು ನೋಡಿ, ಅದರಲ್ಲಿ ನೀಲಿ ಕಾಣುತ್ತದೆ. ಬಿಸಿಲು ತಲುಪದ ಜಾಗಕ್ಕೂ ಆಕಾಶದ ಬೆಳಕು ಬೀಳುತ್ತದಲ್ಲ, ಅದು. ಆದರೆ ಹೊತ್ತು ಸಾಲುವುದಿಲ್ಲ. ಒಂದೆರಡು ಗಂಟೆಯಲ್ಲಿ ನೆರಳೆಲ್ಲ ಸರಿದು ಎದುರಿಗೆ ಬೇರೆಯದೇ ನೋಟ. ಇದಕ್ಕೇ ಫ್ರಾನ್ಸಿನ ಚಿತ್ರಕಾರ ಮೋನೆ ಹಲವು ಕ್ಯಾನ್ವಾಸ್ ಇಟ್ಟುಕೊಂಡು, ಬೆಳಕು ಬದಲಾದಂತೆ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತಿದ್ದರು. ನಮಗೆ ಅಷ್ಟು ಹೊರಲು ಆಗದು. ನಮ್ಮ ಚಿತ್ರಗಳು ಸಣ್ಣವು, ಹೆಚ್ಚಿನವು ನೋಟ್‌ಬುಕ್ ಹಾಳೆಯಷ್ಟು.

ಕೆಲವದರಲ್ಲಿ ಮೂಲೆ ಖಾಲಿ ಇದೆ. ಕೆಲವದರ ಮೇಲೆ ಮಳೆಹನಿಯ ಗುರುತು. ಬದಲಾಯಿಸಿ ಕೊಡಿ ಅಂತ ದಯವಿಟ್ಟು ಕೇಳಬೇಡಿ. ಮೋನೆ 1870ರಲ್ಲಿ ಟ್ರೂವಿಲ್ ಕಡಲತೀರದಲ್ಲಿ ಬರೆದ ಚಿತ್ರವೊಂದರ ಬಣ್ಣದಲ್ಲಿ ಮರಳಿನ ಕಣಗಳಿವೆ. ವ್ಯಾನ್ ಗಾಗ್ 1889ರಲ್ಲಿ ಬರೆದ ಆಲಿವ್ ಮರಗಳ ಚಿತ್ರದಲ್ಲಿ ಸತ್ತ ಮಿಡತೆಯೇ ಸಿಕ್ಕಿಕೊಂಡಿದೆ. ಈ ಸುದ್ದಿ ಹೊರಬಿದ್ದದ್ದು 2017ರಲ್ಲಿ! ಅವರ ಸಾಲಿನಲ್ಲಿ ನಾವು ಕೂರುತ್ತಿಲ್ಲ ಬಿಡಿ. ಹೊರಗೆ ಬರೆದರೆ ಹೀಗೆಲ್ಲ ಆಗುತ್ತದೆ, ಅಷ್ಟೆ. ಸೋಫಾದ ಬಣ್ಣಕ್ಕೆ ಹೊಂದುವಂತೆ ಬರೆದುಕೊಡಿ ಅನ್ನುವವರಿಗೂ ನಮ್ಮ ಉತ್ತರ ಒಂದೇ: ಆಗುವುದಿಲ್ಲ.

ಎಷ್ಟು ಕೊಡಬೇಕು? ನಿಮಗೆ ಆದಷ್ಟು. ದೊಡ್ಡ ಮೊತ್ತಕ್ಕೆ ದೊಡ್ಡ ಚಿತ್ರ ಅಂತೇನೂ ಇಲ್ಲ. ಹಾಗೆ ಮಾಡಿದರೆ ಇದು ಅಂಗಡಿ ಆಗಿಬಿಡುತ್ತದೆ. ಮೊದಲು ಕೇಳಿದವರಿಗೆ ಮೊದಲು. ನಾವು ಕೂತು ಬರೆಯುವ ಕೆರೆ, ಕಾಡು, ಕಡಲತೀರಗಳನ್ನು ಕಾಯುವವರಿಗೆ ಕೊಟ್ಟರೆ ನಮಗೆ ತುಸು ಜಾಸ್ತಿ ಖುಷಿ. ಆಸ್ಪತ್ರೆ, ಶಾಲೆ, ಪ್ರಾಣಿಗಳ ಆರೈಕೆ, ಯಾವುದಾದರೂ ಸರಿ. ರಾಜಕೀಯ ಪಕ್ಷದ ರಸೀದಿ ಮಾತ್ರ ಬೇಡ. ತೆರಿಗೆ ವಿನಾಯಿತಿ ಪಡೆಯುವವರು ಒಮ್ಮೆ ಆಡಿಟರ್ ಹತ್ತಿರ ಕೇಳಿಕೊಳ್ಳಿ. ದೇಣಿಗೆಗೆ ಬದಲಾಗಿ ವಸ್ತು ಸಿಕ್ಕರೆ ಅದರ ಬೆಲೆ ಕಳೆದು ಲೆಕ್ಕ ಹಾಕುವ ದೇಶಗಳೂ ಇವೆ.

ಕಳಿಸುವ ಖರ್ಚು ನಮ್ಮದು, ಫ್ರೇಮ್ ನಿಮ್ಮದು. ಜಲವರ್ಣ ಬಿಸಿಲಿಗೆ ಮಾಸುತ್ತದೆ, ನೇರ ಬಿಸಿಲು ಬೀಳದ ಗೋಡೆಗೆ ಹಾಕಿ. ಗಾಜು ಕಾಗದಕ್ಕೆ ತಾಗದಂತೆ ನಡುವೆ ಮೌಂಟ್ (ಚಿತ್ರದ ಸುತ್ತ ಇಡುವ ದಪ್ಪ ರಟ್ಟಿನ ಅಂಚು) ಇಡಿಸಿ. ಚಿತ್ರ ಬೇಡ, ಸುಮ್ನೆ ದೇಣಿಗೆ ಕೊಡುತ್ತೇನೆ ಅನ್ನುವವರು ರಸೀದಿ ಕಳಿಸಬೇಕಾಗಿಲ್ಲ.

ಇಂತಿ,
ಟ್ರಸ್ಟಿನ ಚಿತ್ರಕಾರರು