ಮಗಳಿಗೊಂದು ಪತ್ರ: ಎರಡು ಕೋಟಿಯಲ್ಲಿ ಕಾರೆಷ್ಟು, ತೆರಿಗೆಯೆಷ್ಟು

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಕೊಟೇಷನ್ ನೋಡಿದೆ. ನಿನ್ನಪ್ಪ ಕಾರಿನ ಬಣ್ಣ ನೋಡಿ ಖುಷಿಪಟ್ಟರು, ನಾನು ಕೆಳಗಿನ ಸಾಲುಗಳನ್ನು ಓದಿದೆ. ಇಪ್ಪತ್ತೇಳರ ವಯಸ್ಸಿಗೆ ಪೋರ್ಷೆ 911 ಬೇಕೆನ್ನಿಸಿದರೆ ಅದರಲ್ಲಿ ತಪ್ಪೇನಿಲ್ಲ ಕಣೇ. ನಿನ್ನ ದುಡಿಮೆ, ನಿನ್ನ ದುಡ್ಡು. ಕೊಡುವ ದುಡ್ಡಿನಲ್ಲಿ ಕಾರಿಗೆಷ್ಟು ಹೋಗುತ್ತದೆ, ಮುಂದೆ ಮಾರಿದಾಗ ಎಷ್ಟು ವಾಪಸ್ ಬರುತ್ತದೆ ಎಂದು ಗೊತ್ತಿದ್ದು ಸಹಿ ಹಾಕು ಅಂತ ಇಷ್ಟು ಬರೆಯುತ್ತಿದ್ದೇನೆ.

ಲೆಕ್ಕ ಸುಲಭವಾಗಲೆಂದು ಎಕ್ಸ್-ಶೋರೂಂ ಬೆಲೆ 2 ಕೋಟಿ ಎಂದಿಟ್ಟುಕೋ. ಈ ಗಾಡಿ ಪೂರ್ತಿ ಜೋಡಣೆಯಾಗಿಯೇ ಹಡಗಿನಲ್ಲಿ ಬರುತ್ತದೆ, ಸಿಬಿಯು ಅನ್ನುತ್ತಾರಲ್ಲ, ಅದು. 40 ಸಾವಿರ ಡಾಲರ್ ಮೀರಿದ ಇಂಥ ಕಾರುಗಳ ಮೂಲ ಸೀಮಾಸುಂಕವನ್ನು 2025ರ ಬಜೆಟ್‌ನಲ್ಲಿ ಶೇ 100ರಿಂದ 70ಕ್ಕೆ ಇಳಿಸಿದರು. ಪಕ್ಕದಲ್ಲೇ ಶೇ 40ರ ಕೃಷಿ ಮೂಲಸೌಕರ್ಯ ಸೆಸ್ ಕೂರಿಸಿದರು. ಹಿಂದೆ ಸರ್‌ಚಾರ್ಜ್ ಸೇರಿ ಒಟ್ಟು ಶೇ 110, ಈಗ ಸೆಸ್ ಸೇರಿ ಅದೇ 110. ಈ ಸುಂಕ ಸೇರಿಸಿದ ಮೊತ್ತದ ಮೇಲೆ ಶೇ 40 ಜಿಎಸ್‌ಟಿ. ಅಂದರೆ ಬಂದರಿನಲ್ಲಿ 100 ರೂಪಾಯಿಗೆ ಇಳಿದದ್ದು ಸುಂಕ ಕೂಡಿ 210, ಜಿಎಸ್‌ಟಿ ಕೂಡಿ 294. ಡೀಲರ್ ಲಾಭ ಪಕ್ಕಕ್ಕಿಟ್ಟು ಹಿಂದಕ್ಕೆ ಲೆಕ್ಕ ಹಾಕಿದರೆ ನಿನ್ನ 2 ಕೋಟಿಯಲ್ಲಿ ಕಾರು 68 ಲಕ್ಷ, ಸೀಮಾಸುಂಕ 75 ಲಕ್ಷ, ಜಿಎಸ್‌ಟಿ 57 ಲಕ್ಷ.

ಇನ್ನು ನಮ್ಮ ರಾಜ್ಯದ ಪಾಲು. 20 ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ಜೀವಿತಾವಧಿ ತೆರಿಗೆ ಶೇ 18. ಆ ತೆರಿಗೆಯ ಮೇಲೆ ಶೇ 11 ಸೆಸ್, ಎಲ್ಲ ಸೇರಿ ಶೇ 19.98. ಇದನ್ನು ಲೆಕ್ಕ ಹಾಕುವುದು 68 ಲಕ್ಷದ ಮೇಲಲ್ಲ, ಸುಂಕ, ಜಿಎಸ್‌ಟಿ ಎಲ್ಲ ಸೇರಿದ 2 ಕೋಟಿಯ ಮೇಲೆ. ಹಾಗಾಗಿ 39.96 ಲಕ್ಷ. ತೆರಿಗೆಗೂ ತೆರಿಗೆ ಕಟ್ಟುವುದೆಂದರೆ ಇದೇ. ಕೊಟೇಷನ್‌ನಲ್ಲಿ ಟಿಸಿಎಸ್ (ಡೀಲರೇ ಹಿಡಿದು ಕಟ್ಟುವ ಆದಾಯ ತೆರಿಗೆ) ಅಂತ 2 ಲಕ್ಷ ಇದೆಯಲ್ಲ, ಅದೊಂದಕ್ಕೆ ಮಾತ್ರ ತಲೆ ಕೆಡಿಸಿಕೊಳ್ಳಬೇಡ. 10 ಲಕ್ಷ ಮೀರಿದ ಗಾಡಿಗೆ ಶೇ 1 ಹಿಡಿಯುತ್ತಾರೆ, ನಿನ್ನ ಪ್ಯಾನ್‌ಗೆ ಜಮೆಯಾಗುತ್ತದೆ, ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು. ಕಂಪನಿಗೆ ಮೊದಲೇ ತಿಳಿಸಿದರೆ ಸಂಬಳದ ಟಿಡಿಎಸ್‌ನಲ್ಲೇ ಕಡಿಮೆ ಮಾಡಿಕೊಳ್ಳುತ್ತಾರೆ. ಇನ್‌ವಾಯ್ಸ್‌ನಲ್ಲಿ ಪ್ಯಾನ್ ಸರಿಯಾಗಿದೆಯೇ ನೋಡು. ಒಂದಕ್ಷರ ತಪ್ಪಿದರೂ ಜಮೆ ನಿನ್ನ ಖಾತೆಗೆ ಬಾರದೆ, ಡೀಲರ್ ತಿದ್ದುವವರೆಗೆ ಅಲೆದಾಟ.

ಇನ್ಶೂರೆನ್ಸ್ 6 ಲಕ್ಷ ಸೇರಿ ರಸ್ತೆಗಿಳಿಯುವಾಗ 2.48 ಕೋಟಿ. ಅದರಲ್ಲಿ ವಾಪಸ್ ಬರದ ತೆರಿಗೆಯೇ 1.72 ಕೋಟಿ.

ಅದೇ 68 ಲಕ್ಷದ ಗಾಡಿ ಬ್ಯಾಟರಿಯದಾಗಿದ್ದರೆ? ಸೀಮಾಸುಂಕ ಅಷ್ಟೇ, ಜಿಎಸ್‌ಟಿ ಮಾತ್ರ ಶೇ 5. ಎಕ್ಸ್-ಶೋರೂಂ 1.5 ಕೋಟಿಗೆ ನಿಲ್ಲುತ್ತದೆ. 25 ಲಕ್ಷ ಮೀರಿದ ವಿದ್ಯುತ್ ಕಾರಿಗೆ ಕರ್ನಾಟಕದ ಜೀವಿತಾವಧಿ ತೆರಿಗೆ ಶೇ 10, ಅಂದರೆ 15 ಲಕ್ಷ. ಆದರೆ ನಿನಗೆ ಬೇಕಿರುವುದು ಹಿಂದುಗಡೆಯ ಆ ಆರು ಸಿಲಿಂಡರಿನ ಸದ್ದು ಅಂತ ಗೊತ್ತು, ಹಾಗಾಗಿ ಇಷ್ಟಕ್ಕೇ ಬಿಟ್ಟೆ.

"ಪಾಂಡಿಚೇರಿ ರಿಜಿಸ್ಟ್ರೇಷನ್ ಮಾಡಿಸಿ ಮೇಡಂ, 30 ಲಕ್ಷ ಉಳಿಯುತ್ತೆ" ಎನ್ನುವವರು ನಿನಗೆ ಸಿಕ್ಕೇ ಸಿಗುತ್ತಾರೆ. ಅಲ್ಲಿ ವಾಸವಿದ್ದೇನೆಂದು ಬಾಡಿಗೆ ಕರಾರು ತೋರಿಸಿ ನಂಬರ್ ಹಾಕಿಸುವ ದಂಧೆ ಅದು. ಸುಳ್ಳು ವಿಳಾಸ ಕೊಟ್ಟರೆ ಅದು ತೆರಿಗೆ ಬಾಕಿಗೆ ನಿಲ್ಲುವುದಿಲ್ಲ, ಫೋರ್ಜರಿ ಕೇಸಾಗುತ್ತದೆ. ಹೊರರಾಜ್ಯದ ನಂಬರಿನ ಗಾಡಿ 12 ತಿಂಗಳಿಗಿಂತ ಹೆಚ್ಚು ಇಲ್ಲಿ ಉಳಿದರೆ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಇಲ್ಲಿನ ನಂಬರ್ ಪಡೆಯಬೇಕು. ಬೆಂಗಳೂರಿನಲ್ಲಿ ಸಾರಿಗೆ ಇಲಾಖೆಯವರು ಇಂಥ ಗಾಡಿಗಳನ್ನೇ ಹುಡುಕಿ ಹಿಡಿಯುತ್ತಾರೆ. 2025ರ ಫೆಬ್ರುವರಿಯಲ್ಲಿ ಒಂದೇ ಕಾರ್ಯಾಚರಣೆಯಲ್ಲಿ 30 ಐಷಾರಾಮಿ ಕಾರು ಜಪ್ತಿಯಾದವು. ಜುಲೈನಲ್ಲಿ ಮಹಾರಾಷ್ಟ್ರದ ನಂಬರಿನ ಫೆರಾರಿ ಎಸ್‌ಎಫ್90 ಒಂದಕ್ಕೆ ಸುಮಾರು 1.42 ಕೋಟಿ ತೆರಿಗೆ ಕಟ್ಟಿಸಿಕೊಂಡೇ ಬಿಟ್ಟರು. ಕೆಂಪು ಫೆರಾರಿಯನ್ನು ಬಚ್ಚಿಡುವುದು ಕಷ್ಟವೇ ಬಿಡು. ದುಬೈಯಿಂದ ಹಳೆಯದನ್ನು ತರಿಸುವ ಮಾತೂ ಬೇಡ. ಬಳಸಿದ ಕಾರು ಆಮದಾಗಬೇಕಾದರೆ ಸ್ಟೀರಿಂಗ್ ಬಲಗಡೆ ಇರಬೇಕು, ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು. ಅಲ್ಲಿನವು ಎಡಗಡೆಯವು.

ಈಗ ದುಡ್ಡು ಎಲ್ಲಿಂದ ಎನ್ನುವ ವಿಷಯ. ಕಂಪನಿಯ ಷೇರು ಮಾರಿ ಅರ್ಧ, ಸಾಲ ಅರ್ಧ ಅಂದಿದ್ದೀಯ. ಅಮೆರಿಕದಲ್ಲಿ ಲಿಸ್ಟ್ ಆದ ಷೇರು ನಿನ್ನದು. ಕೈಗೆ ಬಂದ ದಿನದ ಬೆಲೆಗೆ ಸಂಬಳದಂತೆ ತೆರಿಗೆ ಆಗಲೇ ಹಿಡಿದಿದ್ದಾರೆ. ಆಮೇಲಿನ ಲಾಭಕ್ಕೆ 24 ತಿಂಗಳ ಗೆರೆಯಿದೆ. ಗೆರೆಯ ಈಚೆ ಮಾರಿದರೆ ಲಾಭ ನಿನ್ನ ಸ್ಲ್ಯಾಬಿಗೆ ಸೇರುತ್ತದೆ. ಆ ವರ್ಷದ ಆದಾಯ 2 ಕೋಟಿ ದಾಟಿದರೆ ಶೇ 30, ಅದರ ಮೇಲೆ ಶೇ 25 ಸರ್‌ಚಾರ್ಜ್, ಮತ್ತೆ ಶೇ 4 ಸೆಸ್, ಒಟ್ಟು ಶೇ 39. ಗೆರೆ ದಾಟಿ ಮಾರಿದರೆ ಶೇ 12.5, ಸರ್‌ಚಾರ್ಜ್ ಶೇ 15ಕ್ಕೆ ಮಿತಿ, ಸೆಸ್ ಕೂಡಿ ಶೇ 15ರ ಒಳಗೆ. ಒಂದೊಂದು ಕಂತಿನ ಷೇರು ಯಾವ ತಾರೀಕಿಗೆ ಬಂತೆಂದು ಹಾಳೆಯಲ್ಲಿ ಬರೆದುಕೊಂಡು ಹಳೆಯದನ್ನು ಮೊದಲು ಮಾರು. ಮಾರಿದ ಮೇಲೆ ಬರುವ ಅಡ್ವಾನ್ಸ್ ಟ್ಯಾಕ್ಸ್ ಕಂತು (ಜೂನ್ 15, ಸೆಪ್ಟೆಂಬರ್ 15, ಡಿಸೆಂಬರ್ 15, ಮಾರ್ಚ್ 15) ತಪ್ಪಿಸಿದರೆ ಬಡ್ಡಿ ಬೀಳುತ್ತದೆ. ತೆರಿಗೆಯ ದುಡ್ಡನ್ನು ಮೊದಲು ಎತ್ತಿಟ್ಟು ಉಳಿದದ್ದರಲ್ಲಿ ಕಾರು ನೋಡು.

ಸಾಲದ ಕಡೆ: 1 ಕೋಟಿ, ಏಳು ವರ್ಷ, ಬಡ್ಡಿ ಶೇ 9.5 ಎಂದುಕೊಂಡರೆ ತಿಂಗಳಿಗೆ 1.63 ಲಕ್ಷ, ಬಡ್ಡಿಯೇ 37 ಲಕ್ಷ ದಾಟುತ್ತದೆ. ಸಂಬಳದವರಿಗೆ ಈ ಬಡ್ಡಿಗೂ ವಿನಾಯಿತಿಯಿಲ್ಲ, ಕಾರಿನ ಸವಕಳಿಗೂ ಇಲ್ಲ. ಸ್ವಂತಕ್ಕೆ ಬಳಸುವ ಕಾರು ತೆರಿಗೆಯ ಕಣ್ಣಿಗೆ ಬಂಡವಾಳ ಆಸ್ತಿಯಲ್ಲ, ಆದ್ದರಿಂದ ಮಾರಿದಾಗ ಆದ ನಷ್ಟವನ್ನು ಷೇರಿನ ಲಾಭದೆದುರು ಹೊಂದಿಸಲೂ ಆಗದು. ಗೆಳತಿಯ ಸ್ಟಾರ್ಟಪ್ ಹೆಸರಿನಲ್ಲಿ ಕೊಂಡರೆ ಜಿಎಸ್‌ಟಿ ವಾಪಸ್ ಬರುತ್ತದೆ ಎಂದು ಯಾರೋ ಹೇಳಿದರಂತಲ್ಲ, ಬರುವುದಿಲ್ಲ. ಹದಿಮೂರು ಸೀಟಿನವರೆಗಿನ ಕಾರಿಗೆ ಇನ್‌ಪುಟ್ ಕ್ರೆಡಿಟ್ ಸಿಗುವುದು ಕಾರು ವ್ಯಾಪಾರ, ಟ್ಯಾಕ್ಸಿ, ಡ್ರೈವಿಂಗ್ ಸ್ಕೂಲಿನಂಥ ಕೆಲಸಗಳಿಗಷ್ಟೆ.

ಇನ್ಶೂರೆನ್ಸ್ ಕೋಟ್ ಮೂರು ಕಡೆಯಿಂದ ತರಿಸು. ಶೋರೂಮಿನದ್ದನ್ನೇ ತಗೊಳ್ಳಬೇಕೆಂಬ ಕಾನೂನಿಲ್ಲ. ಮೊದಲು ಐಡಿವಿ, ಅಂದರೆ ಪಾಲಿಸಿಯಲ್ಲಿ ಗಾಡಿಗೆ ಕಟ್ಟಿದ ಬೆಲೆ, ನೋಡು. ಹೊಚ್ಚ ಹೊಸ ಕಾರಿಗೂ ಅದು ಎಕ್ಸ್-ಶೋರೂಂ ಬೆಲೆಯ ಶೇ 95, ಅಂದರೆ 1.90 ಕೋಟಿ. ಮೊದಲ ವರ್ಷವೇ ಗಾಡಿ ಕಳುವಾದರೆ ಅಥವಾ ಪೂರ್ತಿ ಹಾಳಾದರೆ ಸಿಗುವುದು ಅಷ್ಟೆ, 40 ಲಕ್ಷ ರೋಡ್ ಟ್ಯಾಕ್ಸ್ ಅದರಲ್ಲಿ ಸೇರಿಲ್ಲ. ಹಾಗಾಗಿ ಬಿಲ್ಲಿನ ಪೂರ್ತಿ ಬೆಲೆ ಕೊಡುವ ರಿಟರ್ನ್ ಟು ಇನ್‌ವಾಯ್ಸ್ ಸೇರಿಸು, ಅದರಲ್ಲಿ ರೋಡ್ ಟ್ಯಾಕ್ಸ್ ಕೊಡುತ್ತಾರೆಯೇ ಎಂದು ಪಾಲಿಸಿಯ ಒಕ್ಕಣೆಯಲ್ಲೇ ಓದು. ಸವಕಳಿ ಕಳೆಯದೆ ದುಡ್ಡು ಕೊಡುವ ಝೀರೋ ಡೆಪ್ರಿಸಿಯೇಷನ್ ಇಲ್ಲದಿದ್ದರೆ ಬಂಪರಿನಂಥ ಪ್ಲಾಸ್ಟಿಕ್ ಭಾಗಕ್ಕೆ ಅರ್ಧ ದುಡ್ಡು ನಿನ್ನ ಕೈಯಿಂದಲೇ.

ಬೆಂಗಳೂರಿಗೆ ಪಾಲಿಸಿಯಲ್ಲಿ ಎಂಜಿನ್ ಪ್ರೊಟೆಕ್ಷನ್ ಕವರ್ ಬೇಕೇ ಬೇಕು. ನೀರು ನಿಂತ ಅಂಡರ್‌ಪಾಸಿನಲ್ಲಿ ಗಾಡಿ ಕೆಟ್ಟು ನಿಂತರೆ ಮತ್ತೆ ಸ್ಟಾರ್ಟ್ ಮಾಡಲೇಬೇಡ. ಗಾಳಿ ಎಳೆಯುವ ದಾರಿಯಲ್ಲಿ ನೀರು ಸಿಲಿಂಡರಿಗೆ ಹೋಗಿರುತ್ತದೆ. ಪಿಸ್ಟನ್ ಮೇಲೆ ಬಂದಾಗ ಗಾಳಿಯಂತೆ ನೀರು ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಸಾಮಾನ್ಯ ಪಾಲಿಸಿಯವರು ಇದನ್ನು ಅಪಘಾತದಿಂದ ನೇರವಾಗಿ ಆದ ಹಾನಿಯಲ್ಲ ಎಂದು ತಳ್ಳಿಹಾಕುತ್ತಾರೆ. ಟೋ ಮಾಡುವಾಗಲೂ ಚಕ್ರ ಉರುಳಬಾರದು, ಫ್ಲ್ಯಾಟ್‌ಬೆಡ್ ಲಾರಿಯನ್ನೇ ಕರೆಸು.

ನಿನ್ನ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ರ‍್ಯಾಂಪ್ ಒಂದು ಪ್ರತ್ಯೇಕ ಸಮಸ್ಯೆ. ಟೆಸ್ಟ್ ಡ್ರೈವ್ ಗಾಡಿಯನ್ನು ಅಲ್ಲಿಗೇ ತರಿಸು. ರ‍್ಯಾಂಪ್ ಶುರುವಾಗುವ ಮೂಲೆಯಲ್ಲಿ ಮೂತಿ ತಾಗುತ್ತದೆ, ಮುಗಿಯುವ ಏಣಿನಲ್ಲಿ ಹೊಟ್ಟೆ ತಾಗುತ್ತದೆ. ಎರಡೂ ಕಡೆ ಒಬ್ಬರು ಬಗ್ಗಿ ನೋಡಬೇಕು, ಗಾಡಿಯಲ್ಲಿ ಇಬ್ಬರು ಕೂತಿರಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ಹಂಪ್ ಇರಬೇಕಾದ್ದು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ನಮ್ಮ ಬಡಾವಣೆಗಳಲ್ಲಿ ಅರ್ಧ ಮೀಟರಿನೊಳಗೇ ಗುಡ್ಡ ಎಬ್ಬಿಸಿರುತ್ತಾರೆ. ಮುಂಭಾಗ ಎತ್ತುವ ಫ್ರಂಟ್ ಆಕ್ಸಲ್ ಲಿಫ್ಟ್ ಸುಮಾರು 40 ಮಿ.ಮೀ. ಕೊಡುತ್ತದೆ. ಸ್ಪೋರ್ಟ್ಸ್ ಎಕ್ಸಾಸ್ಟ್, ಬಣ್ಣದ ಹೊಲಿಗೆಗೆ ಸುರಿಯುವ ದುಡ್ಡನ್ನು ಇದಕ್ಕೆ ಹಾಕು. ಆರ್ಡರ್ ಮಾಡುವಾಗ ಬಿಟ್ಟರೆ ಆಮೇಲೆ ಕೂರಿಸುವುದು ಸುಲಭವಲ್ಲ. ಸೆರಾಮಿಕ್ ಬ್ರೇಕ್ ಬೇಡ. ಕಬ್ಬನ್ ರೋಡಿನ ಸಿಗ್ನಲ್ಲಿಗೆ ಅದರ ಅಗತ್ಯವಿಲ್ಲ, ಚಕ್ರ ಬಿಚ್ಚುವಾಗ ಅಂಚು ತಾಗಿ ಡಿಸ್ಕ್ ಮುಕ್ಕಾದರೆ ಬೆಲೆ ನೋಡಿ ತಲೆ ಸುತ್ತುತ್ತದೆ.

ನನ್ನನ್ನು ಕೇಳಿದರೆ, ಹೊಸದು ಬೇಡ. ಮೂರ್ನಾಲ್ಕು ವರ್ಷ ಹಳೆಯದು, ಕೆಎ ನಂಬರಿನದು ಹುಡುಕು. ಜೀವಿತಾವಧಿ ತೆರಿಗೆ ಗಾಡಿಯ ಜತೆಗೇ ಬರುತ್ತದೆ, ರಾಜ್ಯದೊಳಗೆ ಮಾಲೀಕರು ಬದಲಾದರೆ ಮತ್ತೆ ಕಟ್ಟಬೇಕಿಲ್ಲ. ಮೊದಲ ಮಾಲೀಕ ಕಟ್ಟಿದ ಸುಂಕ, ತೆರಿಗೆಯ ದೊಡ್ಡ ಪಾಲು ಅಷ್ಟರಲ್ಲಿ ಬೆಲೆಯಿಂದ ಕರಗಿಹೋಗಿರುತ್ತದೆ. ಟಿಸಿಎಸ್ ಕಳೆದು 2.46 ಕೋಟಿಗೆ ಬಿದ್ದ ಹೊಸ ಗಾಡಿ ನಾಲ್ಕು ವರ್ಷಕ್ಕೆ 1.30 ಕೋಟಿಗೆ ಹೋಯಿತೆಂದುಕೋ: ತಿಂಗಳಿಗೆ 2.4 ಲಕ್ಷ ಕರಗಿತು, ಪೆಟ್ರೋಲು, ಸರ್ವಿಸ್ ಬೇರೆ. ನೀನು ಅದನ್ನೇ 1.30ಕ್ಕೆ ಕೊಂಡು ನಾಲ್ಕು ವರ್ಷ ಬಿಟ್ಟು 90 ಲಕ್ಷಕ್ಕೆ ಕೊಟ್ಟರೆ 83 ಸಾವಿರ. ಈ ಮಾರಾಟ ಬೆಲೆಗಳು ನಾನು ಇಟ್ಟುಕೊಂಡವು, ಇವತ್ತಿನ ಜಾಹೀರಾತು ನೋಡಿ ನಿನ್ನ ಅಂಕಿ ಹಾಕಿಕೋ.

ಹೊಸದು ಬೇಡವೆನ್ನಲು ಇನ್ನೊಂದು ಕಾರಣವೂ ಇದೆ. ಬ್ರಿಟನ್ ಜತೆಗಿನ ವ್ಯಾಪಾರ ಒಪ್ಪಂದಕ್ಕೆ 2025ರ ಜುಲೈ 24ರಂದು ಸಹಿ ಬಿತ್ತು, ಯುರೋಪಿಯನ್ ಒಕ್ಕೂಟದ ಜತೆಗಿನ ಮಾತುಕತೆ ಮುಗಿಯಿತೆಂದು 2026ರ ಜನವರಿ 27ರಂದು ಘೋಷಣೆಯಾಯಿತು. ಎರಡರಲ್ಲೂ ಕಾರಿನ ಸುಂಕ ಕೋಟಾದೊಳಗೆ, ಹಂತ ಹಂತವಾಗಿ ಶೇ 10ಕ್ಕೆ ಇಳಿಯುವ ಮಾತಿದೆ. ಶೇ 110 ಕಟ್ಟಿ ಕೊಂಡ ಗಾಡಿಯನ್ನು, ಪಕ್ಕದ ಶೋರೂಮಿನಲ್ಲಿ ಹೊಸದೇ ಅಗ್ಗವಾದ ಕಾಲದಲ್ಲಿ ಮಾರಬೇಕಾದೀತು. ನಿನ್ನ ಕೆಲಸ ಹೈದರಾಬಾದಿಗೋ ಹೊರದೇಶಕ್ಕೋ ಹೋಗುವ ವಯಸ್ಸೂ ಇದೇ. ಬೇರೆ ರಾಜ್ಯಕ್ಕೆ ಗಾಡಿ ಒಯ್ದರೆ ಅಲ್ಲಿ ಮೊದಲು ತೆರಿಗೆ ಕಟ್ಟಬೇಕು, ಇಲ್ಲಿ ಉಳಿದ ಅವಧಿಯ ತೆರಿಗೆ ವಾಪಸ್ ಪಡೆಯಲು ಅರ್ಜಿ ಹಾಕಿ ಕಾಯಬೇಕು.

ಹಳೆಯದು ನೋಡುವಾಗ ಅಧಿಕೃತ ವರ್ಕ್‌ಶಾಪಿಗೆ ಒಯ್ದು ದುಡ್ಡು ಕೊಟ್ಟೇ ತಪಾಸಣೆ ಮಾಡಿಸು. ಲಿಫ್ಟ್ ಮೇಲೆತ್ತಿ ಮುಂದಿನ ಬಂಪರಿನ ಹಿಂದಿರುವ ರೇಡಿಯೇಟರುಗಳಲ್ಲಿ ಎಲೆ, ಕಸ ತುಂಬಿದೆಯೇ, ಅಡಿಭಾಗದ ಪ್ಲಾಸ್ಟಿಕ್ ತಟ್ಟೆಗಳು ಉಜ್ಜಿವೆಯೇ ನೋಡಲಿ. ಪಿಪಿಎಫ್ (ಬಣ್ಣ ಕಾಯುವ ಪಾರದರ್ಶಕ ಹಾಳೆ) ಹಚ್ಚಿದ ಗಾಡಿಯಲ್ಲಿ ಮರುಬಣ್ಣ ಕಣ್ಣಿಗೆ ಕಾಣದು, ಪೇಂಟ್ ಗೇಜ್ ಇಟ್ಟು ಪ್ರತಿ ಫಲಕ ಅಳೆಯಬೇಕು. ಟೈರಿನ ಮೇಲಿನ ನಾಲ್ಕಂಕಿ ಓದು. 2322 ಅಂದರೆ 2022ರ 23ನೇ ವಾರದ್ದು. ಕಡಿಮೆ ಓಡಿದ ಕಾರಿನಲ್ಲಿ ಅಚ್ಚು ಚೆನ್ನಾಗೇ ಇರುತ್ತದೆ, ರಬ್ಬರ್ ಗಟ್ಟಿಯಾಗಿರುತ್ತದೆ. 911ರ ಮೂಲ ಮಾದರಿಯಾದರೆ ಹಿಂದಿನ ಟೈರು 295/35 ಝಡ್‌ಆರ್20, ಪಕ್ಕದಲ್ಲಿ ಪೋರ್ಷೆಯ ಎನ್ ಗುರುತು ಇರಬೇಕು, ನಾಲ್ಕೂ ಒಂದೇ ಗುರುತಿನವಾದರೆ ಒಳ್ಳೆಯದು. ಸರ್ಕಾರದ ವಾಹನ್ ಪೋರ್ಟಲ್‌ನಲ್ಲಿ ಸಾಲದ ನಮೂದು ಇದ್ದರೆ ಬ್ಯಾಂಕಿನ ಎನ್‌ಒಸಿ, ಆ ನಮೂದು ತೆಗೆಸುವ ಫಾರಂ 35 ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡ. ಫಾರಂ 29, 30 ಹಾಕಿ 14 ದಿನದೊಳಗೆ ಆರ್‌ಸಿ ವರ್ಗಾವಣೆಗೆ ಕೊಡು, ಪಾಲಿಸಿಯನ್ನೂ ಅಷ್ಟರೊಳಗೇ ನಿನ್ನ ಹೆಸರಿಗೆ ಮಾಡಿಸು.

ತಿಂಗಳಿಗೆ ನಾಲ್ಕೇ ಸಲ ತೆಗೆಯುವ ಗಾಡಿಯಾದರೆ ಬ್ಯಾಟರಿ ಇಳಿಯುತ್ತದೆ. ಪಾರ್ಕಿಂಗ್‌ನಲ್ಲಿ ನಿನ್ನ ಮೀಟರಿನ ಪಾಯಿಂಟ್ ಹಾಕಿಸಿ ಮೇಂಟೆನೆನ್ಸ್ ಚಾರ್ಜರ್ ಇಡಬೇಕಾಗುತ್ತದೆ, ಅಸೋಸಿಯೇಷನ್ನಿನವರ ಒಪ್ಪಿಗೆ ಈಗಲೇ ಕೇಳು.

ಶನಿವಾರದೊಳಗೆ ಮೂರೂ ಇನ್ಶೂರೆನ್ಸ್ ಕೋಟ್ ಕಳಿಸು, ಐಡಿವಿ ಕಾಲಂ ನಾನೂ ಒಮ್ಮೆ ನೋಡುತ್ತೇನೆ. ಬುಕಿಂಗ್ ಮೊತ್ತ ವಾಪಸ್ ಕೊಡುತ್ತಾರೆಯೇ ಎಂದು ಶೋರೂಮಿನವರಿಂದ ಇಮೇಲ್‌ನಲ್ಲಿ ಬರೆಸಿಕೊಂಡ ಮೇಲೆಯೇ ದುಡ್ಡು ಹಾಕು.

ನಿನ್ನ,
ಅಮ್ಮ