ಈ ತಿಂಗಳ ಗೇಮ್: ಡೆಡ್ ಸೆಲ್ಸ್

ಗೆಳೆಯರೇ, ಈ ತಿಂಗಳು ಎಲ್ಲರೂ ಆಡಲು ಡೆಡ್ ಸೆಲ್ಸ್ ಆರಿಸಿದ್ದೇವೆ. ಫ್ರಾನ್ಸಿನ ಬೋರ್ಡೋ ಊರಿನ ಮೋಷನ್ ಟ್ವಿನ್ ಎಂಬ ಸಣ್ಣ ತಂಡದ ವಿಡಿಯೊ ಗೇಮ್ ಇದು. 2018ರಲ್ಲಿ ಪೂರ್ತಿಯಾಗಿ ಬಿಡುಗಡೆಯಾಯಿತು.

ಸತ್ತರೆ ಮತ್ತೆ ಸೆರೆಮನೆಯಿಂದಲೇ ಶುರು. ಕೈಯಲ್ಲಿದ್ದ ಆಯುಧ, ಶತ್ರುಗಳನ್ನು ಕೊಂದು ಗಳಿಸಿ ಕಲೆಕ್ಟರ್‌ಗೆ (ಸೆಲ್ ಪಡೆದು ಹೊಸ ಆಯುಧ, ಸೌಲಭ್ಯ ತೆರೆದುಕೊಡುವ ಪಾತ್ರ) ಕೊಡದೆ ಉಳಿದ ಸೆಲ್‌ಗಳು ಎಲ್ಲಾ ಹೋಗುತ್ತವೆ. ದಾರಿ ಪ್ರತಿ ಸಲ ಬದಲಾಗುವುದರಿಂದ ಬಾಯಿಪಾಠ ನಡೆಯುವುದಿಲ್ಲ. ಶತ್ರು ಹೊಡೆಯಲು ಸಜ್ಜಾಗುವುದನ್ನು ನೋಡಿಯೇ ಉರುಳಿ ತಪ್ಪಿಸಿಕೊಳ್ಳಬೇಕು. ಪೆಟ್ಟು ಬಿದ್ದಾಗ ಸುಮ್ನೆ ಹಿಂದೆ ಓಡಬೇಡಿ. ತಕ್ಷಣ ತಿರುಗಿ ಹೊಡೆದರೆ ಕಳೆದ ಜೀವದಲ್ಲಿ ಸ್ವಲ್ಪ ವಾಪಸ್ ಬರುತ್ತದೆ. ನನಗೆ ಈ ಗೇಮ್ ಇಷ್ಟವಾಗಲು ಇದೇ ದೊಡ್ಡ ಕಾರಣ. ಹೆದರಿದವರಿಗಿಂತ ನುಗ್ಗಿದವರಿಗೆ ಲಾಭ ಜಾಸ್ತಿ. ಬೇಗ ತಲುಪಿದವರಿಗೆ ಮಾತ್ರ ತೆರೆಯುವ ಬಾಗಿಲುಗಳೂ ಇವೆ.

ಹೊಸಬರು ಶಾಪದ ಪೆಟ್ಟಿಗೆಯನ್ನು ಈಗಲೇ ಮುಟ್ಟಬೇಡಿ. ಶಾಪ ಇಳಿಯುವವರೆಗೂ ಒಂದೇ ಏಟಿಗೆ ಸಾವು! ಶಕ್ತಿ ಹೆಚ್ಚಿಸುವ ಸ್ಕ್ರಾಲ್‌ಗಳನ್ನು ಆದಷ್ಟು ಒಂದೇ ಬಣ್ಣದ ಸಾಮರ್ಥ್ಯಕ್ಕೆ ಹಾಕಿ. ತೀರಾ ಕಷ್ಟ ಅನಿಸಿದರೆ 2022ರಲ್ಲಿ ಸೇರಿಸಿದ ಅಸಿಸ್ಟ್ ಮೋಡ್ ಇದೆ, ಸಂಕೋಚವಿಲ್ಲದೆ ಬಳಸಿ.

ಬಾಸ್‌ಗಳ (ದೊಡ್ಡ ಶತ್ರುಗಳ) ವಿಡಿಯೊ ಸದ್ಯಕ್ಕೆ ಇಲ್ಲಿ ಹಾಕಬೇಡಿ. ಅಲ್ಲಿಗೆ ಇನ್ನೂ ತಲುಪದವರೂ ಇದ್ದಾರೆ ಅಲ್ವಾ? ಯಾವ ಆಯುಧ ನಿಮ್ಮ ಕೈಗೆ ಹೊಂದಿತು ಅಂತ ಮಾತ್ರ ತಪ್ಪದೆ ಬರೆಯಿರಿ.