ಇಂಚರಳ ಮಾತಿನ ವಿಚಾರವಾಗಿ ಅಪ್ಪನಿಗೆ

ಸ್ಟುಟ್‌ಗಾರ್ಟ್
ನವೆಂಬರ್ 12

ತೀರ್ಥರೂಪರಾದ ಅಪ್ಪನವರ ಪಾದಗಳಿಗೆ ರಘು ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾವು ಮೂವರೂ ಇಲ್ಲಿ ಕ್ಷೇಮ. ಅಮ್ಮನಿಗೂ ಅಜ್ಜಿಗೂ ನಮ್ಮ ನಮಸ್ಕಾರಗಳನ್ನು ತಿಳಿಸಿ.

ನಿಮ್ಮ ಪತ್ರ ಸೋಮವಾರ ಕೈಸೇರಿತು. ಇಂಚರಳಿಗೆ ಮೂರು ವರ್ಷ ತುಂಬಿ ಎರಡು ತಿಂಗಳಾದರೂ ಮಾತು ಬಿಡಿಬಿಡಿಯಾಗಿಯೇ ಇದೆ, ಅವಳಿಗಿಂತ ನಾಲ್ಕು ತಿಂಗಳು ಚಿಕ್ಕವನಾದ ಅಣ್ಣನ ಮಗ ಚಿನ್ಮಯ ಆಗಲೇ ಎರಡರ ಮಗ್ಗಿ ಒಪ್ಪಿಸುತ್ತಾನೆ, ಈ ಚಿಂತೆಯಲ್ಲಿ ಅಮ್ಮನಿಗೆ ರಾತ್ರಿ ನಿದ್ದೆ ಹತ್ತುತ್ತಿಲ್ಲ, ಆದ್ದರಿಂದ ರಜೆ ಹಾಕಿ ಬಂದು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಯಲ್ಲಿ ಮಗುವನ್ನು ಒಮ್ಮೆ ತೋರಿಸಬಾರದೇ ಎಂದು ಕೇಳಿದ್ದೀರಿ. ಊರಿನಲ್ಲಿದ್ದಿದ್ದರೆ ಖಂಡಿತ ಅಲ್ಲಿಗೇ ಕರೆದುಕೊಂಡು ಹೋಗುತ್ತಿದ್ದೆ. ಇಲ್ಲಿ ಏನೇನು ಆಗಿದೆ ಎಂಬುದನ್ನು ನಿಮಗೆ ಮೊದಲೇ ತಿಳಿಸದೆ ಇದ್ದದ್ದು ನನ್ನ ತಪ್ಪು.

ಜರ್ಮನಿಯಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಒಂದು ಹಳದಿ ಪುಸ್ತಕ ಕೊಡುತ್ತಾರೆ. ಹುಟ್ಟಿದ ದಿನದಿಂದ ಐದು ವರ್ಷ ದಾಟುವವರೆಗೆ ಯಾವ ಯಾವ ವಯಸ್ಸಿನಲ್ಲಿ ಏನನ್ನು ಪರೀಕ್ಷಿಸಬೇಕು ಎಂಬುದು ಅದರಲ್ಲಿ ಗೊತ್ತುಮಾಡಿಟ್ಟಿರುತ್ತದೆ. ಮೂರು ತುಂಬುವ ಮುನ್ನ ನಡೆದ ತಪಾಸಣೆಯಲ್ಲಿ ಡಾಕ್ಟರು ಇಂಚರಳ ಮಾತನ್ನು ಗಮನಿಸಿ, ಮೊದಲು ಕಿವಿ ತೋರಿಸಲು ಹೇಳಿದರು. ಮೇಲಿಂದ ಮೇಲೆ ನೆಗಡಿಯಾಗುವ ಮಕ್ಕಳಿಗೆ ಕಿವಿಯ ತಮಟೆಯ ಹಿಂದೆ ನೀರು ನಿಂತು, ನೋವೇ ಇಲ್ಲದೆ ಕೇಳುವುದು ಮಂದವಾಗುವುದುಂಟಂತೆ. ಇಂಚರಳ ಕಿವಿ ಚೆನ್ನಾಗಿದೆ. ಕರೆದರೆ ತಿರುಗುತ್ತಾಳೆ, ಹೇಳಿದ್ದೆಲ್ಲ ಅರ್ಥವಾಗುತ್ತದೆ, ಬೇಕಾದದ್ದನ್ನು ಬೆರಳು ಮಾಡಿ ತೋರಿಸುತ್ತಾಳೆ. ಆದರೂ ತಡಮಾಡುವುದು ಬೇಡವೆಂದು ವಾರಕ್ಕೊಮ್ಮೆ ಸ್ಪೀಚ್ ಥೆರಪಿಗೆ ಹಾಕಿದ್ದೇವೆ. ಖರ್ಚಿನ ಬಗ್ಗೆ ಅಮ್ಮ ಯೋಚಿಸುವುದು ಬೇಡ, ಅದನ್ನು ಪೂರ್ತಿಯಾಗಿ ಆರೋಗ್ಯ ವಿಮೆಯೇ ಕೊಡುತ್ತದೆ. ಅವಳು ನಡೆದದ್ದೂ ತಡವಾಗಿಯೇ ಅಲ್ಲವೇ ಎಂದು ಅಮ್ಮ ನೆನಪಿಸಿದ್ದಾಳೆ. ಹದಿನೈದನೆಯ ತಿಂಗಳಿಗೆ ನಡೆದಳು. ವಿಶ್ವ ಆರೋಗ್ಯ ಸಂಸ್ಥೆಯವರು ದೆಹಲಿಯ ಮಕ್ಕಳೂ ಸೇರಿದಂತೆ ಹಲವು ದೇಶಗಳ ಮಕ್ಕಳನ್ನು ನೋಡಿ 2006ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಆರೋಗ್ಯವಾಗಿರುವ ಮಗು ಆಸರೆಯಿಲ್ಲದೆ ನಡೆಯುವ ವಯಸ್ಸು ಸುಮಾರು 8 ತಿಂಗಳಿನಿಂದ ಸುಮಾರು 18 ತಿಂಗಳವರೆಗೂ ಹರಡಿಕೊಂಡಿದೆ.

ಆದರೆ ಅಪ್ಪ, ಮಗುವಿಗಿಂತ ಹೆಚ್ಚಾಗಿ ನನ್ನ ವಿಷಯ ನಿಮಗೆ ಹೇಳಬೇಕಾಗಿದೆ. ಆಗಸ್ಟಿನಲ್ಲಿ ಅಣ್ಣ ಚಿನ್ಮಯನ ಮಗ್ಗಿಯ ವಿಡಿಯೋ ಕಳಿಸಿದ ದಿನ, ನಾನು ಇಂಚರಳನ್ನು ಮೊಬೈಲಿನ ಮುಂದೆ ಕೂರಿಸಿ ‘ಚಿನ್ಮಯ ಹೇಗೆ ಹೇಳ್ತಾನೆ ನೋಡು, ನೀನೂ ಹೇಳು’ ಎಂದು ನಾಲ್ಕಾರು ಸಲ ಒತ್ತಾಯಿಸಿದೆ. ಅವಳು ಒಮ್ಮೆ ಮೊಬೈಲನ್ನೂ ಒಮ್ಮೆ ನನ್ನನ್ನೂ ನೋಡಿ, ಎದ್ದುಹೋಗಿ ಕಿಟಕಿಯ ಪರದೆಯೊಳಗೆ ಮುಖ ಮುಚ್ಚಿಕೊಂಡು ನಿಂತಳು. ಪರದೆಯ ಕೆಳಗೆ ಕಾಲ್ಬೆರಳುಗಳು ಮಡಚಿಕೊಂಡಿದ್ದುದು ಈಗಲೂ ನನ್ನ ಕಣ್ಣ ಮುಂದಿದೆ. ದಿನವೂ ಹೇಳುತ್ತಿದ್ದ ‘ನೀರು’ ಎಂಬ ಮಾತನ್ನು ಸಹ ಅವಳು ಆಮೇಲೆ ಎರಡು ದಿನ ಆಡಲಿಲ್ಲ. ಲೋಟ ತೋರಿಸಿ ಸುಮ್ಮನಾಗುತ್ತಿದ್ದಳು.

ಆ ಎರಡು ರಾತ್ರಿ ನನಗೆ ನಮ್ಮ ಎಂಟನೆಯ ತರಗತಿ ನೆನಪಿಗೆ ಬಂತು. ನೀವು ಗಣಿತದ ಉತ್ತರ ಪತ್ರಿಕೆಗಳನ್ನು ಅಂಕಗಳ ಇಳಿಕೆಯ ಕ್ರಮದಲ್ಲಿ ಜೋಡಿಸಿಕೊಂಡು ಬಂದು, ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು ಕೊಡುತ್ತಿದ್ದಿರಿ. ನನ್ನ ಹೆಸರು ಬರುವವರೆಗೆ ಎಷ್ಟು ಜನ ಎದ್ದು ಹೋದರು ಎಂದು ನಾನು ಡೆಸ್ಕಿನ ಕೆಳಗೆ ಬೆರಳಿನ ಗೆಣ್ಣುಗಳಲ್ಲಿ ಎಣಿಸುತ್ತಿದ್ದೆ. ಎಷ್ಟು ಅಂಕ ಬಂತೆಂಬುದು ಮರೆತುಹೋಗಿದೆ, ಎಷ್ಟನೆಯವನಾಗಿ ಎದ್ದೆ ಎಂಬುದು ಮರೆತಿಲ್ಲ. ಇದನ್ನು ದೂರೆಂದು ಬರೆಯುತ್ತಿಲ್ಲ, ಆಗ ಎಲ್ಲ ಮೇಷ್ಟರೂ ಹಾಗೆಯೇ ಕೊಡುತ್ತಿದ್ದರು. ಆದರೆ ಆ ಎಣಿಕೆ ನನ್ನ ಬೆರಳುಗಳಲ್ಲೇ ಉಳಿದುಬಿಟ್ಟಿದೆ, ಈಗ ಮಗಳ ಪರವಾಗಿ ಎಣಿಸುತ್ತಿದ್ದೇನೆ ಎಂಬುದು ಅಂದು ಸ್ಪಷ್ಟವಾಯಿತು.

ಡಾಕ್ಟರು ಅವಳಾಡುವ ಮಾತುಗಳ ಪಟ್ಟಿ ತರಲು ಹೇಳಿದಾಗ ನಾನು ಮೂವತ್ತೆಂಟು ಪದ ಬರೆದುಕೊಂಡು ಹೋಗಿದ್ದೆ. ಅವರು ನೋಡಿ, ಇವು ಯಾವ ಭಾಷೆಯವು ಎಂದು ಕೇಳಿದರು. ಎಲ್ಲವೂ ಕನ್ನಡದವು. ಚಿನ್ಮಯನ ಮಾತು ಕನ್ನಡವಾದ್ದರಿಂದ ನಾನು ಕನ್ನಡದ ಪದಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದಿದ್ದೆ. ಎರಡು ಭಾಷೆಗಳಲ್ಲಿ ಬೆಳೆಯುವ ಮಗುವಿನ ಮಾತನ್ನು ಎರಡನ್ನೂ ಕೂಡಿಸಿಯೇ ಎಣಿಸಬೇಕು, ಎರಡು ಭಾಷೆ ಇರುವುದರಿಂದಲೇ ಮಾತು ತಡವಾಗುವುದಿಲ್ಲ, ಮನೆಯ ಭಾಷೆಯನ್ನು ಬಿಡಬೇಡಿ ಎಂದರು. ಮನೆಗೆ ಬಂದು ಸುಮ ಮತ್ತು ನಾನು ಕೂತು ಮತ್ತೆ ಬರೆದಾಗ, ಶಿಶುವಿಹಾರದಲ್ಲಿ ಕಲಿತ ಜರ್ಮನ್ ಪದಗಳೂ ಸೇರಿ ತೊಂಬತ್ತು ದಾಟಿತು. ಅಷ್ಟೂ ಮಾತುಗಳನ್ನು ಅವಳು ನನ್ನೆದುರಿಗೇ ಆಡಿದ್ದಳು.

ಆ ಹಳದಿ ಪುಸ್ತಕದ ಹಿಂಭಾಗದಲ್ಲಿ ತೂಕದ ಬಾಗುಗೆರೆಗಳಿವೆ. ಇಂಚರಳ ಚುಕ್ಕೆಗಳು ಮೊದಲಿನಿಂದಲೂ ಕೆಳಗಿನಿಂದ ಎರಡನೆಯ ಗೆರೆಯನ್ನೇ ಹಿಡಿದು ಸಾಗಿವೆ. ನನ್ನ ಕಣ್ಣು ಪ್ರತಿ ಸಲವೂ ಮೇಲಿನ ಗೆರೆಗಳ ಮೇಲೆ ಹೋಗುತ್ತಿತ್ತು. ಡಾಕ್ಟರು ನೋಡುವುದು ಅವಳು ತನ್ನ ಗೆರೆಯನ್ನು ಬಿಟ್ಟು ಕೆಳಗೆ ಇಳಿದಳೇ ಎಂಬುದನ್ನು. ಅದಾದ ಮೇಲೆ ನಾನೂ ಒಂದು ನೋಟ್‌ಬುಕ್ ಇಟ್ಟು, ಅವಳ ಹೊಸ ಮಾತುಗಳನ್ನು ತಾರೀಕು ಹಾಕಿ ಬರೆಯುತ್ತಿದ್ದೇನೆ. ಅದರಲ್ಲಿ ಬೇರೆ ಯಾವ ಮಗುವಿನ ಹೆಸರೂ ಇಲ್ಲ. ಅಣ್ಣನಿಗೂ ಫೋನ್ ಮಾಡಿ ಇದನ್ನೆಲ್ಲ ಹೇಳಿ, ಸ್ವಲ್ಪ ದಿನ ವಿಡಿಯೋ ನೋಡದಿದ್ದರೆ ಬೇಸರಿಸಬೇಡ ಎಂದು ಕೇಳಿಕೊಂಡಿದ್ದೇನೆ. ಅಣ್ಣ ಅರ್ಥಮಾಡಿಕೊಂಡ.

ಅಕ್ಷರ ಕಲಿಸದ ಶಾಲೆಗೆ ಯಾಕೆ ಕಳಿಸುತ್ತೀರಿ ಎಂದು ಅಮ್ಮ ಮತ್ತೆ ಕೇಳಿದ್ದಾಳೆ. ಇಲ್ಲಿ ಶಾಲೆ ಆರು ವರ್ಷಕ್ಕೆ ಶುರುವಾಗುತ್ತದೆ, ಅಲ್ಲಿಯವರೆಗೆ ಆಟವೇ ಪಾಠ. ಮಳೆ ಬಂದರೂ ರಬ್ಬರ್ ಬೂಟು ಹಾಕಿಸಿ ಮಕ್ಕಳನ್ನು ಕಾಡಿಗೆ ಕರೆದೊಯ್ಯುತ್ತಾರೆ, ಹೊಸಬರಿಗೆ ಇದನ್ನು ಕಂಡರೆ ಗಾಬರಿಯಾಗುತ್ತದೆ. ಶಿಕ್ಷಣತಜ್ಞ ಫ್ರೋಬೆಲ್ 1840ರಲ್ಲಿ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟದ್ದು ಈ ದೇಶದಲ್ಲೇ ಎಂಬುದನ್ನು ನೀವೇ ಅಮ್ಮನಿಗೆ ಹೇಳಿ, ನಿಮ್ಮ ಮಾತನ್ನು ಅವಳು ನಂಬುತ್ತಾಳೆ.

ಕಳೆದ ಗುರುವಾರ ಟ್ರಾಮ್ ನಿಲ್ದಾಣದಲ್ಲಿ ಇಂಚರ ಬಗ್ಗಿ ಒಂದು ಒದ್ದೆ ಎಲೆಯನ್ನು ಎತ್ತಿ, ನನ್ನ ಕೆನ್ನೆಗೆ ಹಚ್ಚಿ, ‘ಅಪ್ಪ, ಎಲೆ ನಾಸ್’ ಎಂದಳು. ನಾಸ್ ಎಂದರೆ ಇವರ ಭಾಷೆಯಲ್ಲಿ ಒದ್ದೆ. ಮೂರು ಪದಗಳನ್ನು ಅವಳು ಒಟ್ಟಿಗೆ ಕೂಡಿಸಿದ್ದು ಅದೇ ಮೊದಲು. ಮನೆಗೆ ಬಂದು ಸುಮಳಿಗೆ ಹೇಳಿ, ನೋಟ್‌ಬುಕ್ಕಿನಲ್ಲಿ ಬರೆದು, ಊಟ ಮುಗಿಸಿ ಮಲಗುವ ಹೊತ್ತಿಗೆ, ಅಂದು ಚಿನ್ಮಯನ ನೆನಪೇ ನನಗೆ ಬಂದಿರಲಿಲ್ಲ ಎಂಬುದು ಹೊಳೆಯಿತು.

ಭಾನುವಾರ ಫೋನ್ ಮಾಡಿದಾಗ ಎಷ್ಟು ಮಾತು ಬಂತು ಎಂದು ದಯವಿಟ್ಟು ಅವಳೆದುರು ಕೇಳಬೇಡಿ. ಹಿತ್ತಲಿನ ಕರುವನ್ನು ತೋರಿಸಿ, ತೆಂಗಿನಕಾಯಿ ಸುಲಿಯುವುದನ್ನು ತೋರಿಸಿ, ಅವಳು ತಾನಾಗಿ ಏನಾದರೂ ಅಂದರೆ ಉತ್ತರ ಕೊಡಿ. ಅವಳು ಚೆನ್ನಾಗಿದ್ದಾಳೆ, ನಾವೂ ಚೆನ್ನಾಗಿದ್ದೇವೆ, ಏನೂ ಮುಚ್ಚಿಟ್ಟಿಲ್ಲ. ಅಮ್ಮನಿಗೆ ಧೈರ್ಯವಾಗಿ ಮಲಗಲು ಹೇಳಿ, ನೀವು ಬಿ.ಪಿ. ಮಾತ್ರೆ ತಪ್ಪಿಸಬೇಡಿ. ನಾಲ್ಕು ಗಂಟೆಗೆ ಇಂಚರಳನ್ನು ಕರೆತರಬೇಕು, ಈಗಲೇ ಹೊರಡಬೇಕಾಗಿದೆ. ಉಳಿದದ್ದು ಫೋನಿನಲ್ಲಿ.

ಇತಿ ನಿಮ್ಮ ಮಗ,
ರಘು